ಬೆಲ್ಲವ್ವ ಹೋದ ದಾರಿ

ವಾಕಡ, ಪುಣೆ
2 ಮಾರ್ಚ್ 2025

ಶ್ರೀಮತಿ ನೀಲಿಮಾ ಅವರಿಗೆ,

ಶಿವಬಸವ್ವನ ಶರಣಾರ್ಥಿಗಳು. ‘ನೀಲೂ’ ಎಂದು ಬರೆಯಲು ಕೈ ಏಳಲಿಲ್ಲ, ಅದಕ್ಕೆ ಶ್ರೀಮತಿ ಎಂದಿದ್ದೇನೆ. ಹತ್ತೊಂಬತ್ತು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದವರು ನಾವು, ನೀವು ಮೇಲೆ, ನಾನು ಕೆಳಗೆ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ದನಿ ಕೇಳಿದರೆ ನಾನು ನಂಬಿಬಿಡುತ್ತೇನೆ. ಕಾಗದವಾದರೆ ಎರಡು ಸಲ ಓದಿ ನೋಡಬಹುದು. ನಮ್ಮವರು ದಿನಾ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಗೆ ಬಂದೇ ಬರುತ್ತಾರೆ, ಅವರ ಊಟದ ಡಬ್ಬಿಯ ಜೊತೆ ಈ ಲಕೋಟೆ ಕಳಿಸಿದ್ದೇನೆ. ಅಂಟು ಹಚ್ಚಿ ಅದರ ಮೇಲೆ ಸಹಿ ಹಾಕಿದ್ದೇನೆ. ಒಡೆದಿದ್ದರೆ ತಿಳಿಸಿ.

ಕೇಳುವುದು ಒಂದೇ. ನನ್ನ ಬೆಲ್ಲವ್ವ ಎಲ್ಲಿ?

ಫೆಬ್ರವರಿ ಹದಿನೇಳು, ಸೋಮವಾರ. ಮನೆ ಬದಲಿಸುವ ಗದ್ದಲಕ್ಕೆ ಹೆದರಿ ಬೆಕ್ಕು ಎಲ್ಲಾದರೂ ಓಡೀತೆಂದು ಬೆಳಿಗ್ಗೆಯೇ ನಿಮ್ಮ ಒಳಕೋಣೆಯಲ್ಲಿ ಬಿಟ್ಟು ಬಂದೆ. ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ನಾನೂ ಮಗಳು ಸ್ನೇಹಲ್‌ಳೂ ಮುಂದೆ ಹೋದೆವು. ಸಂಜೆ ನಮ್ಮವರು ಬಂದು ಅವಳನ್ನು ಕರೆತರಬೇಕಿತ್ತು. ಹೇಗೆ ತರಬೇಕೆಂದು ಹತ್ತು ಸಲ ಹೇಳಿದ್ದೆ: “ಬುಟ್ಟಿ ಬ್ಯಾಡ್ರಿ, ಗೋಣಿಚೀಲದಾಗ ಹಾಕಿ ಬಾಯಿ ಕಟ್ಟಿ ತರ್ರಿ. ಬೆಕ್ಕಿಗೆ ದಾರಿ ಕಾಣಬಾರದು, ಕಂಡ್ರ ಹಳೀ ಮನಿಗೇ ತಿರುಗಿ ಹೋಗತದ.” ನನ್ನ ಅವ್ವ ಹೀಗೇ ಮಾಡುತ್ತಿದ್ದಳು, ಅವಳ ಅವ್ವನೂ ಹೀಗೇ. ಹೊಸ ಮನೆಗೆ ಹೊಂದಿಕೊಳ್ಳಲೆಂದು ಅವಳ ಪಾದಕ್ಕೆ ಹಚ್ಚಲು ಬೆಣ್ಣೆಯನ್ನೂ ತೆಗೆದಿಟ್ಟಿದ್ದೆ. ಊಟದ ಹೊತ್ತಿಗೆ ನಮ್ಮವರು ಬರಿಗೈಯಲ್ಲಿ ಬಂದರು. “ನೀಲಿಮಾನ ಮನಿ ಬಾಗಲಾ ತೆರದಿತ್ತು, ಓಡಿಹೋಗ್ಯಾಳ” ಎಂದರು. ಅಷ್ಟೇ.

ಬಾಗಿಲು ತೆರೆದಿದ್ದರೂ ಬೆಲ್ಲವ್ವ ಓಡುವವಳಲ್ಲ. ಅಂಗಡಿಯ ಬೆಲ್ಲದ ಪೆಂಟಿಗಳ ಸಂದಿಯಲ್ಲಿ ಹುಟ್ಟಿ, ಅದೇ ಬಣ್ಣ ಹೊತ್ತು, ಏಳು ವರ್ಷ ನನ್ನ ಸೀರೆಯ ನೆರಿಗೆಯಲ್ಲಿ ಬೆಳೆದವಳು. ನಿಮ್ಮ ಮನೆಗೆ ಹೋಗಿ ಬಂದಾಗಲೆಲ್ಲ ಅವಳ ಮೀಸೆಗೆ ಒಣ ಮೀನಿನ ವಾಸನೆ ಇರುತ್ತಿತ್ತು. ನಮ್ಮದು ಲಿಂಗ ಕಟ್ಟಿದ ಮನೆ, ಆದರೂ ಕಂಡೂ ಕಾಣದ ಹಾಗೆ ಇದ್ದೆ. ಈಗ ಅನಿಸುತ್ತದೆ, ಮೀನು ಹಾಕಿದವರು ಸುಮ್ಮನೆ ಹಾಕಿರಲಿಕ್ಕಿಲ್ಲ.

ಉತ್ತರಕ್ಕಾಗಿ ಕಾದಿರುವ,
ಶಿವಬಸವ್ವ


ಮಾರ್ಕೆಟ್ ಯಾರ್ಡ್
6 ಮಾರ್ಚ್ 2025

ಅಕ್ಕಾ,

ನಮಸ್ಕಾರ. ಲಕೋಟೆ ಒಡೆದಿರಲಿಲ್ಲ. ಅಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು.

ಹೌದು, ಬಾಗಿಲು ತೆರೆದಿತ್ತು. ಗ್ಯಾಲರಿಯ ಬಾಗಿಲು. ಬಟ್ಟೆ ಒಣಹಾಕಲು ಹೋಗಿದ್ದೆ. ತಪ್ಪು ನನ್ನದೇ ಎಂದು ಇಟ್ಟುಕೊಳ್ಳಿ. ಹುಡುಕುತ್ತಿದ್ದೇವೆ. ಎಂಟು ದಿನ ತಡೆಯಿರಿ ಎನ್ನೋಣವೆಂದರೆ ಆ ಎಂಟು ದಿನ ಆಗಲೇ ಮುಗಿದುಹೋಗಿವೆ.

ಮೀನು ಹಾಕಿದ್ದು ನಿಜ. ಒಣ ಬೊಂಬಿಲ. ಖಾನಾಪುರದ ಕಡೆಯವರು ನಾವು, ಮೀನಿಲ್ಲದೆ ನಮಗೂ ನಡೆಯುವುದಿಲ್ಲ, ಬೆಕ್ಕಿಗೂ ನಡೆಯುವುದಿಲ್ಲ. ರೊಟ್ಟಿ ಹಾಲಿನ ಮೇಲೆ ಏಳು ವರ್ಷ ಬದುಕಿದ ಬೆಕ್ಕು ಈ ಪುಣೆಯಲ್ಲಿ ನಿಮ್ಮದೊಂದೇ ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದಿರಿ. ಬದುಕಿಸಿದ್ದು ಯಾರೆಂದು ಈಗ ಗೊತ್ತಾಯಿತಲ್ಲ. ಈಗಲೂ ಹನ್ನೊಂದು ಹೊಡೆದರೆ ನನ್ನ ಕೈ ತಾನಾಗಿ ಮೀನಿನ ಡಬ್ಬಿಗೆ ಹೋಗುತ್ತದೆ. ಮುಚ್ಚಳ ತೆಗೆದ ಸಪ್ಪಳಕ್ಕೆ ಮೆಟ್ಟಿಲ ಮೇಲೆ ಯಾರೂ ಬರುವುದಿಲ್ಲ. ಅವಳಿಲ್ಲದ ಮನೆ ನಿಮ್ಮದೊಂದೇ ಅಲ್ಲ ಅಕ್ಕಾ.

ಸಿಟ್ಟು ನನ್ನ ಮೇಲೆ ಇರಲಿ. ಅಣ್ಣನ ಮೇಲೆ ಹರಿಹಾಯಬೇಡಿ. ಸೊರಗಿದ್ದಾರೆ.

ನಿಮ್ಮ,
ನೀಲಿಮಾ


ವಾಕಡ
11 ಏಪ್ರಿಲ್ 2025

ಶ್ರೀಮತಿ ನೀಲಿಮಾ ಅವರಿಗೆ,

ನಿಮ್ಮ ಪತ್ರವನ್ನು ಎರಡಲ್ಲ, ಆರು ಸಲ ಓದಿದೆ. ಓದಿದಷ್ಟೂ ಹೊಸ ತೂತು ಕಾಣುತ್ತವೆ.

ನೀವು ಗ್ಯಾಲರಿಯ ಬಾಗಿಲು ಎಂದಿದ್ದೀರಿ. ನಮ್ಮವರನ್ನು ಕೇಳಿದರೆ ಮುಂಬಾಗಿಲು ಎನ್ನುತ್ತಾರೆ. “ನೀಲಿಮಾ ಗ್ಯಾಲರಿ ಅಂತಾಳಲ್ರಿ” ಎಂದೆ. ತುತ್ತು ಕೈಯಲ್ಲೇ ಉಳಿಯಿತು. ಆಮೇಲೆ “ಎರಡೂ ತೆರದಿದ್ದುವು” ಎಂದರು. ನಿಮ್ಮ ಎರಡನೆಯ ಮಹಡಿಯ ಗ್ಯಾಲರಿಯಿಂದ ಹಾರುವುದಕ್ಕೆ ಬೆಲ್ಲವ್ವನೇನು ಗಿಳಿಯೇ? ಮತ್ತೆ ‘ಹುಡುಕುತ್ತಿದ್ದೇವೆ’ ಎಂದು ಬರೆದಿದ್ದೀರಿ. ಹುಡುಕುವವರು ಯಾರ್‍ಯಾರು? ನನಗೆ ಗೊತ್ತಿಲ್ಲದ ಈ ‘ನಾವು’ ಯಾವುದು?

ಇನ್ನು ಭಾನುವಾರಗಳ ಮಾತು. ಮಾರ್ಚಿನಲ್ಲಿ ಮೂರು ಭಾನುವಾರ ನಮ್ಮವರು “ನೆಂಟರ ಮದಿವಿ ಅದ” ಎಂದು ಬೆಳಿಗ್ಗೆ ಹೋಗಿ ಸಂಜೆ ಬಂದರು. ಪಂಚಾಂಗ ತೆಗೆದು ನೋಡಿದೆ, ಅದರಲ್ಲಿ ಎರಡು ದಿನ ಮುಹೂರ್ತವೇ ಇಲ್ಲ. ಮದುವೆಗೆ ಹೋದವರ ಕೈಯಲ್ಲಿ ಒಂದು ಅಕ್ಕಿಕಾಳೂ ಇಲ್ಲ, ಎಲೆ ಅಡಿಕೆಯೂ ಇಲ್ಲ, ಪ್ಯಾಂಟಿನ ಅಂಚಿಗೆ ಮಾತ್ರ ಕೆಸರು. ಅಂಗಿ ಒಗೆಯಲು ತೆಗೆದುಕೊಂಡರೆ ಜೇಬಿನಲ್ಲಿ ಬೊಂಬಿಲದ ವಾಸನೆ! ಈರುಳ್ಳಿ ಹೆಚ್ಚಾದರೂ ಮೂಗು ಮುರಿಯುವ ಗಂಡಸಿನ ಜೇಬಿನಲ್ಲಿ ಒಣ ಮೀನು. ನಾನೇನು ತಿಳಿಯಬೇಕು, ನೀವೇ ಹೇಳಿ.

ನಾನು ತಿಳಿದದ್ದು ಇಷ್ಟು. ಬೆಲ್ಲವ್ವ ನಿಮ್ಮ ಬಳಿಯೇ ಇದ್ದಾಳೆ, ಅಥವಾ ಖಾನಾಪುರದ ನಿಮ್ಮ ತಂಗಿಯ ಮನೆಯಲ್ಲಿದ್ದಾಳೆ. ನಮ್ಮವರಿಗೂ ಗೊತ್ತು. ಏಳನೆಯ ಮಹಡಿಯ ಹೊಸ ಮನೆಗೆ ಬೆಕ್ಕು ಬೇಡವೆಂದು ಮೊದಲೇ ಗೊಣಗುತ್ತಿದ್ದರು. ಇಬ್ಬರೂ ಸೇರಿ ಮಾಡಿದ ಕೆಲಸ ಇದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ?

ಯುಗಾದಿಗೆ ಸ್ನೇಹಲ್‌ಳ ಕೈಯಲ್ಲಿ ಬೇವು ಬೆಲ್ಲ ಕಳಿಸಿದ್ದು ಹಬ್ಬಕ್ಕಲ್ಲ, ನಿಮ್ಮ ಮನೆ ನೋಡಿ ಬರಲಿ ಎಂದು. ಮುಚ್ಚುಮರೆ ನನಗೆ ಬರುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನನಗೆ ಅವಳು ಬೇಕು. ಬದುಕಿಲ್ಲದಿದ್ದರೆ ಅದನ್ನಾದರೂ ಹೇಳಿ. ದಿನಾ ಮುಂಜಾನೆ ಹಾಲು ಕಾಸುವಾಗ ಕಾಲ ಬಳಿ ನೋಡಿಕೊಳ್ಳುತ್ತೇನೆ, ತುಳಿದೇನೆಂದು. ಇದೊಂದು ಅಭ್ಯಾಸ ಹೋದರೆ ಸಾಕಾಗಿದೆ.

ಶಿವಬಸವ್ವ


ಮಾರ್ಕೆಟ್ ಯಾರ್ಡ್
15 ಏಪ್ರಿಲ್ 2025

ಅಕ್ಕಾ,

ಸ್ನೇಹಲ್ ನನ್ನ ಮಂಚದ ಕೆಳಗೆ ಬಗ್ಗಿ ನೋಡಿದಾಗಲೇ ಗೊತ್ತಾಯಿತು. “ಏನ್ ಕಳಕೊಂಡ್ಯವ್ವಾ?” ಎಂದು ಕೇಳಿದೆ. ಪಾಪ, ಕಿವಿಯೋಲೆ ಎಂದಳು. ಎರಡೂ ಕಿವಿಯಲ್ಲಿ ಓಲೆ ಇದ್ದವು. ಮುಂದಿನ ಸಲ ಕಳಿಸುವುದಿದ್ದರೆ ಮೊದಲೇ ತಿಳಿಸಿ, ಕಸ ಗುಡಿಸಿಟ್ಟಿರುತ್ತೇನೆ.

ಬೆಲ್ಲವ್ವ ನನ್ನ ಮನೆಯಲ್ಲಿಲ್ಲ. ತಂಗಿಯ ಮನೆಯಲ್ಲೂ ಇಲ್ಲ. ಅಣ್ಣನಿಗೆ ನಾನು ರಾಖಿ ಕಟ್ಟುವವಳು. ಆ ಜೇಬಿನ ಮಾತನ್ನು ಇನ್ನೊಮ್ಮೆ ಬರೆಯುವ ಮೊದಲು ಅದನ್ನು ನೆನಪಿಸಿಕೊಳ್ಳಿ. ಉಳಿದದ್ದನ್ನು ನಾನು ಬರೆಯುವ ಹಾಗಿಲ್ಲ. ಮಾತು ಕೊಟ್ಟು ಕಟ್ಟುಬಿದ್ದಿದ್ದೇನೆ.

ನೀವು ನನ್ನನ್ನು ಕಳ್ಳಿ ಎಂದಿರಿ. ಹತ್ತೊಂಬತ್ತು ವರ್ಷ ನಿಮ್ಮ ಮನೆಯ ಕೀಲಿಕೈ ನನ್ನ ಗೂಟದಲ್ಲಿ ತೂಗುತ್ತಿತ್ತು.

ನೀಲಿಮಾ


ವಾಕಡ
8 ಜೂನ್ 2025

ನೀಲಿಮಾ ಅವರಿಗೆ,

ಎರಡು ತಿಂಗಳು ಬರೆಯಲಿಲ್ಲ. ಕೀಲಿಕೈಯ ಮಾತು ನಟ್ಟಿತು. ಹಾಗೆಂದು ಅನುಮಾನ ಹೋಗಿಲ್ಲ. ಮಾತು ಕೊಟ್ಟಿದ್ದೇನೆ ಎಂದಿರಲ್ಲ, ಯಾರಿಗೆ ಎಂದು ಹಗಲೆಲ್ಲ ಯೋಚಿಸುತ್ತೇನೆ. ನಮ್ಮವರ ಎದುರು ಬೆಕ್ಕಿನ ಹೆಸರೆತ್ತಿದರೆ ಎದ್ದು ನೀರು ಕುಡಿಯಲು ಹೋಗುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಈಗ ಬರೆಯುವ ಕಾರಣ ಬೇರೆ. ಕ್ಯಾಂಪ್ ಬಡಾವಣೆಯ ಹಿಂಬದಿಯಲ್ಲಿ, ಬಿಟ್ಟುಹೋದ ಬೆಕ್ಕುಗಳನ್ನು ಸಾಕುವ ಒಂದು ಆಶ್ರಯವಿದೆಯಂತೆ. ಯಾರಾದರೂ ಬೆಲ್ಲವ್ವನನ್ನು ಅಲ್ಲಿಗೆ ತಂದು ಒಪ್ಪಿಸಿರಬಹುದೆಂದು ಸ್ನೇಹಲ್ ಕರೆದುಕೊಂಡು ಹೋದಳು. ಮೂವತ್ತೆಂಟು ಬೆಕ್ಕು. ಕೆಂಪಗಿನವೇ ಆರು. ಒಂದೊಂದರ ಮುಖವನ್ನೂ ನೋಡಿದೆ. ಅವಳಿರಲಿಲ್ಲ. ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ.

ಅಳುವಾಗ ಒಂದು ಬೂದುಬಣ್ಣದ ಹೆಣ್ಣು ಬೆಕ್ಕು ಬಂದು ನನ್ನ ಚಪ್ಪಲಿಯ ಮೇಲೆ ಕೂತಿತು. ಎಂಟು ವರ್ಷದ ಮುದುಕಿ. ಇಟ್ಟುಕೊಂಡಿದ್ದವರು ಮನೆ ಬದಲಿಸುವಾಗ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಬಿಟ್ಟು ಹೋದರಂತೆ. ಹಣೆಯ ಮೇಲೆ ಮೂರು ಗೆರೆ, ವಿಭೂತಿ ಹಚ್ಚಿದ ಹಾಗೆ. ಬರುವವರೆಲ್ಲ ಮರಿಗಳನ್ನು ಕೇಳುತ್ತಾರೆ, ಇವಳನ್ನು ಒಂದೂವರೆ ವರ್ಷದಿಂದ ಯಾರೂ ಕೇಳಿಲ್ಲ ಎಂದರು. ಬೆಲ್ಲವ್ವನ ಜಾಗ ಯಾರಿಗೂ ಕೊಡುವುದಿಲ್ಲ ಎಂದು ಶಪಥ ಮಾಡಿದವಳು ನಾನು. ಆದರೆ ಚಪ್ಪಲಿ ಬಿಡಿಸಿಕೊಳ್ಳಲು ಆಗಲಿಲ್ಲ.

ಆ ಆಶ್ರಯ ನಡೆಸುವ ಮಾಯಾ ಎಂಬ ಹೆಂಗಸು ನನಗಿಂತ ದೊಡ್ಡ ಸಂಶಯದವಳು. ಕಿಟಕಿಗೆ ಜಾಳಿಗೆ ಇದೆಯೇ, ಊರಿಗೆ ಹೋದರೆ ಯಾರು ನೋಡುತ್ತಾರೆ, ಮನೆಯಲ್ಲಿ ಎಲ್ಲರ ಒಪ್ಪಿಗೆ ಇದೆಯೇ, ಹೆಣ್ಣು ಕೊಡುವವರೂ ಇಷ್ಟು ಕೇಳುವುದಿಲ್ಲ. ಕೊನೆಗೆ ಒಂದು ಫಾರ್ಮ್ ಕೊಟ್ಟರು. ಅದರಲ್ಲಿ ಒಂಬತ್ತನೆಯ ಪ್ರಶ್ನೆ: ‘ಈ ಮೊದಲು ಸಾಕಿದ ಪ್ರಾಣಿಗೆ ಏನಾಯಿತು?’ ಉತ್ತರದ ಕೆಳಗೆ ಅದನ್ನು ಬಲ್ಲ ನೆರೆಯವರೊಬ್ಬರ ಸಹಿ ಬೇಕು.

ನನಗೆ ಉತ್ತರವೇ ಗೊತ್ತಿಲ್ಲ. ಬಲ್ಲವರು ನೀವು. ಫಾರ್ಮ್ ಇದರೊಂದಿಗಿದೆ. ಒಂಬತ್ತನೆಯದನ್ನು ನೀವೇ ತುಂಬಿ ಸಹಿ ಮಾಡಿ. ಏನು ಬೇಕಾದರೂ ಬರೆಯಿರಿ, ಆದರೆ ಶಿವನ ಮೇಲೆ ಆಣೆ, ನಿಜ ಬರೆಯಿರಿ.

ಶಿವಬಸವ್ವ


ಮಾರ್ಕೆಟ್ ಯಾರ್ಡ್
10 ಜೂನ್ 2025

ಶಿವಪುತ್ರಪ್ಪ ಅಣ್ಣನವರಿಗೆ,

ಈ ಲಕೋಟೆ ನಿಮಗೇ, ಮನೆಗೆ ಒಯ್ಯಲು ಅಲ್ಲ. ಅಂಗಡಿಯಲ್ಲಿ ಕೂತು ಓದಿ.

ಅವತ್ತು ನೀವು ನನ್ನ ಮನೆಯ ಮೆಟ್ಟಿಲ ಮೇಲೆ ಕೂತು, “ಎಂಟ ದಿನಾ ತಡೀ ನೀಲಿಮಾ, ಹುಡುಕಿ ತಂದಬಿಡ್ತೀನಿ, ಅಲ್ಲೀತನಕಾ ನಿನ್ನ ಮನಿಯಿಂದ ಓಡಿಹೋತು ಅನ್ನು” ಎಂದಿರಿ. ಗಂಡಸು ಅಳುವುದನ್ನು ನೋಡಲಾರದೆ ಹೂಂ ಎಂದೆ. ಎಂಟು ದಿನ ಹೋಗಿ ನಾಲ್ಕು ತಿಂಗಳಾಗುತ್ತ ಬಂತು. ಅಕ್ಕನ ಬಾಯಲ್ಲಿ ಕಳ್ಳಿ ಎನಿಸಿಕೊಂಡೆ, ಆ ಕಾಗದವನ್ನೂ ನೀವೇ ತಂದು ಕೊಟ್ಟಿರಿ. ಬೊಂಬಿಲ ಕೊಟ್ಟು ಕೊಟ್ಟು ನನ್ನ ಡಬ್ಬಿಯೂ ಬರಿದಾಯಿತು.

ಕಾಗದದಲ್ಲಿ ಸುಳ್ಳು ಬರೆದೆ, ಆಯಿತು. ಈ ಫಾರ್ಮಿನ ಮೇಲೆ ಸುಳ್ಳು ಬರೆದು ಸಹಿ ಹಾಕುವುದಿಲ್ಲ. ಅದರ ಹಿಂದೆ ಇನ್ನೊಂದು ಜೀವ ಕಾದು ಕೂತಿದೆ. ಶನಿವಾರದೊಳಗೆ ಅಕ್ಕನಿಗೆ ನೀವೇ ಹೇಳಿ. ಇಲ್ಲದಿದ್ದರೆ ನಾನು ಬರೆಯುತ್ತೇನೆ.

ನಿಮ್ಮ ತಂಗಿ,
ನೀಲಿಮಾ


ಅಂಗಡಿಯಿಂದ
13 ಜೂನ್ 2025

ಶಿವಬಸವ್ವಳಿಗೆ,

ಹೆಂಡತಿಗೆ ಪತ್ರ ಬರೆಯುವುದು ನನಗೆ ಇದೇ ಮೊದಲು. ಮದುವೆಯಾದ ಹೊಸದರಲ್ಲೂ ಬರೆದವನಲ್ಲ. ಎದುರಿಗೆ ಹೇಳಲು ನಾಲ್ಕು ತಿಂಗಳು ನೋಡಿದೆ, ಬಾಯಿ ಬರಲಿಲ್ಲ. ಖಾಲಿ ಡಬ್ಬಿಯಲ್ಲಿ ಇದನ್ನು ಇಡುತ್ತೇನೆ, ತೊಳೆಯಲು ತೆಗೆದಾಗ ಸಿಗುತ್ತದೆ.

ನೀಲಿಮಾನ ಮನೆಯ ಯಾವ ಬಾಗಿಲೂ ತೆರೆದಿರಲಿಲ್ಲ. ಅವಳು ಬೆಲ್ಲವ್ವನನ್ನು ಸಂಜೆ ನಾಲ್ಕಕ್ಕೆ ನನ್ನ ಕೈಗೇ ಕೊಟ್ಟಳು. ನಾನು ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ ಅಂಗಡಿಗೆ ತಂದೆ. ಬಾಗಿಲು ಹಾಕಿಕೊಂಡು ಹೊರಡುವುದಿತ್ತು. ನೆಲ ಗಟ್ಟಿ, ಅವಳಿಗೆ ಮೆತ್ತಗಿರಲಿ ಎಂದು ಕಟ್ಟೆಯ ಮೇಲಿನ ಖಾಲಿ ಚೀಲಗಳ ರಾಶಿಯ ಮೇಲೆ ಇಟ್ಟು ಒಳಗೆ ಹೋದೆ. ಒಳಗೆ ಹತ್ತು ನಿಮಿಷವಾಯಿತು. ಆ ಖಾಲಿ ಚೀಲಗಳು ಮಹಾಲಿಂಗಪುರಕ್ಕೆ ತಿರುಗಿ ಹೋಗುವಂಥವು. ಜಟ್ಟೆಪ್ಪನ ಲಾರಿ ಬಂದು ನಿಂತಿತು. ಹಮಾಲರು ರಾಶಿಯನ್ನು ತಬ್ಬಿ ತಬ್ಬಿ ಲಾರಿಗೆ ಒಗೆದರು. ಆ ಗದ್ದಲದಲ್ಲಿ ಅವಳು ಕೂಗಿದ್ದರೂ ಯಾರಿಗೆ ಕೇಳಬೇಕು.

ನಾನು ಹೊರಗೆ ಬಂದರೆ ಕಟ್ಟೆ ಖಾಲಿ. ಜಟ್ಟೆಪ್ಪ ಫೋನ್ ಎತ್ತಿದ್ದು ಮೂರು ತಾಸಿನ ಮೇಲೆ, ಕರಾಡ ದಾಟಿ ಚಹಕ್ಕೆ ನಿಂತಾಗ. “ತಾಡಪತ್ರಿ ತೆಗದ ನೋಡೋ, ಚೀಲದಾಗ ಬೆಕ್ಕದ” ಎಂದೆ. ಹುಡುಕಿ ಬಿಚ್ಚಿದ. ಜೀವ ಇತ್ತು. ಅವನ ಕೈ ಪರಚಿ, ಹಾರಿ, ರಸ್ತೆ ದಾಟಿ ಕಬ್ಬಿನ ಹೊಲದೊಳಗೆ ಹೋದಳು.

ಆ ದಿನ ಮನೆಗೆ ಬಂದಾಗ ನೀನು ಬೆಣ್ಣೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅದನ್ನು ನೋಡಿ ಹೇಳಲಾಗಲಿಲ್ಲ. ನೀಲಿಮಾನ ಮೆಟ್ಟಿಲ ಮೇಲೆ ಕೂತೇ ಸುಳ್ಳು ಕಟ್ಟಿಕೊಂಡು ಬಂದಿದ್ದೆ, ಅದನ್ನೇ ಹೇಳಿದೆ. ಒಟ್ಟು ಹದಿನಾಲ್ಕು ಭಾನುವಾರ ಕರಾಡಿಗೆ ಹೋಗಿದ್ದೇನೆ. ಮದುವೆ ಯಾವುದೂ ಇರಲಿಲ್ಲ. ನೀಲಿಮಾ ಕೊಟ್ಟ ಮೀನನ್ನು ಹೊಲದ ಬದುವಿನ ಮೇಲೆ ಇಟ್ಟು ‘ಬೆಲ್ಲವ್ವಾ’ ಎಂದು ಕೂಗುತ್ತೇನೆ. ಅಲ್ಲಿಯ ಜನ ಮೊದಲು ನಕ್ಕರು, ಈಗ ಅವರೂ ಹುಡುಕುತ್ತಾರೆ. ಮೇ ತಿಂಗಳಲ್ಲಿ ಒಬ್ಬ ಮುದುಕಿ ಕೆಂಪು ಬೆಕ್ಕನ್ನು ಕಂಡೆ ಎಂದಳು. ಆಮೇಲೆ ಯಾರೂ ಕಂಡಿಲ್ಲ.

ನೀಲಿಮಾನ ತಪ್ಪು ಒಂದು ಎಳ್ಳಿನಷ್ಟೂ ಇಲ್ಲ. ಎಲ್ಲ ನನ್ನದೇ.

ಶಿವಪುತ್ರಪ್ಪ


ವಾಕಡ
3 ಜುಲೈ 2025

ನೀಲೂ,

ಹೀಗೆ ಬರೆಯಲು ಈಗ ಕೈ ಬಂತು. ನಿನ್ನ ಕಣ್ಣಿಗೆ ನನ್ನ ಅಕ್ಷರ ಇನ್ನೂ ಬೇಕೋ ಬೇಡವೋ ಗೊತ್ತಿಲ್ಲ. ಓದದೆ ಹರಿದು ಹಾಕಿದರೂ ನಾನು ಕೇಳುವ ಹಾಗಿಲ್ಲ.

ಇವರ ಪತ್ರವನ್ನು ಪಾತ್ರೆ ತೊಳೆಯುವ ಮೋರಿಯ ಬಳಿ ನಿಂತೇ ಓದಿದೆ. ನಲ್ಲಿ ಹರಿಯುತ್ತಲೇ ಇತ್ತು. ಎರಡು ದಿನ ಇವರಿಗೆ ಊಟಕ್ಕೆ ಬಡಿಸಿದೆ, ಮಾತಾಡಲಿಲ್ಲ. ಬೆಕ್ಕು ಹೋದದ್ದಕ್ಕಿಂತ ಹೆಚ್ಚಿನ ಸಿಟ್ಟು ನಿನ್ನನ್ನು ಮುಂದೆ ಮಾಡಿ ತಾವು ಹಿಂದೆ ನಿಂತದ್ದಕ್ಕೆ ಬಂತು. ಮೂರನೆಯ ದಿನ, ನನ್ನ ಚಾಳಿ ನಿನಗೆ ಗೊತ್ತಲ್ಲ, ಮತ್ತೆ ತೆಗೆದು ಓದಿದೆ. ಎಲ್ಲಾದರೂ ತೂತು ಸಿಕ್ಕೀತೆಂದು. ಸಿಕ್ಕಿತು.

‘ನಾನು ಚೀಲದಲ್ಲಿ ಹಾಕಿದೆ’ ಎಂದು ಬರೆದಿದ್ದಾರೆ. ಚೀಲದಲ್ಲೇ ತರ್ರಿ ಎಂದು ಹತ್ತು ಸಲ ಹೇಳಿದವಳು ನಾನು. ಬುಟ್ಟಿಯಲ್ಲಿ ಬಂದಿದ್ದರೆ ಯಾವ ಹಮಾಲ ಅದನ್ನು ಖಾಲಿ ಚೀಲವೆಂದು ಒಗೆಯುತ್ತಿದ್ದ? ಪತ್ರವನ್ನು ಹಿಂದೆ ಮುಂದೆ ತಿರುವಿ ನೋಡಿದೆ. ನನ್ನ ಆ ಮಾತು ಎಲ್ಲೂ ಇಲ್ಲ. “ಯಾಕ ಬರೀಲಿಲ್ರಿ?” ಎಂದು ಕೇಳಿದೆ. ಇವರು ತೊಳೆದಿಟ್ಟ ಡಬ್ಬಿಯನ್ನು ಮತ್ತೊಮ್ಮೆ ಒರೆಸಿದರು. ಆಮೇಲೆ, “ಅದನ್ನ ಹೇಳಬಾರದಂತನ ನಾಕ ತಿಂಗಳಾ ಸುಳ್ಳ ಹೇಳೀನಿ. ನೀ ನಿನ್ನನ್ನ ಬೈಕೊಳ್ಳೋದು ನೋಡೂದಕಿಂತಾ ನೀಲಿಮಾನ್ನ ಬೈಯೋದು ಕೇಳೂದು ಹಗರ ಅನಿಸಿತು” ಎಂದರು. ಇದನ್ನು ಕೇಳಿ ನಿನಗೆ ಸಿಟ್ಟು ಬಂದರೆ ಬರಲಿ, ನ್ಯಾಯ ನಿನ್ನ ಕಡೆಗಿದೆ. ನನಗೆ ಮಾತ್ರ ಸಿಟ್ಟು ಉಳಿಯಲಿಲ್ಲ. ಇಬ್ಬರೂ ಕೂತು ಅತ್ತೆವು.

ನಾಲ್ಕು ತಿಂಗಳು ನಾನು ಎಲ್ಲರ ಜೇಬು, ಬಾಗಿಲು, ಮಂಚದ ಕೆಳಗೆ ನೋಡಿದೆ. ಬೆಕ್ಕಿಗೆ ದಾರಿ ಕಾಣಬಾರದೆಂಬ ನನ್ನ ಅವ್ವನ ಮಾತನ್ನು ಮಾತ್ರ ಒಂದು ಸಲವೂ ಸಂಶಯಿಸಲಿಲ್ಲ. ಕ್ಷಮಿಸು ನೀಲೂ. ಕಳ್ಳಿ ಎಂದ ಬಾಯಿಂದಲೇ ಕೇಳುತ್ತಿದ್ದೇನೆ.

ನೀನು ಖಾಲಿ ಬಿಟ್ಟು ಕಳಿಸಿದ ಒಂಬತ್ತನೆಯ ಪ್ರಶ್ನೆಗೆ ನಾನೇ ಉತ್ತರ ಬರೆದೆ. ಚೀಲ ಎಂದವಳು ನಾನು, ಇಟ್ಟವರು ಇವರು, ಕಳೆದುಕೊಂಡವರು ಇಬ್ಬರೂ. ಇವರು ಕೆಳಗೆ ಸಹಿ ಮಾಡಿದರು. ಬೆಕ್ಕು ಕೊಡುವುದಿಲ್ಲವೆಂದೇ ತಿಳಿದು ಹೋದೆವು. ಮಾಯಾ ಎರಡು ಸಲ ಓದಿದರು, ನನ್ನ ಹಾಗೆಯೇ. “ಇಲ್ಲಿಗೆ ಬರುವವರೆಲ್ಲ ‘ಓಡಿಹೋಯಿತು’ ಎಂದೇ ಬರೆಯುತ್ತಾರೆ” ಎಂದು ಮರಾಠಿಯಲ್ಲಿ ಹೇಳಿದರು. “ನೆರೆಯವರ ಸಹಿ ಎಲ್ಲಿ?” ಎಂದರು. “ಅವಳನ್ನು ಕೇಳುವ ಮುಖ ನನಗಿಲ್ಲ” ಎಂದೆ. ಆಗ ಅವರು ನಿನ್ನ ನಂಬರು ಬರೆದುಕೊಂಡರು. ನೀನು ಫೋನಿನಲ್ಲಿ ಏನು ಹೇಳಿದೆಯೋ ನನಗೆ ತಿಳಿಸಲಿಲ್ಲ. ಮರುವಾರ ಮನೆಗೆ ಬಂದು ಕಿಟಕಿಯ ಜಾಳಿಗೆಯನ್ನು ಕೈಯಿಂದ ಜಗ್ಗಿ ನೋಡಿ, “ಕರೆದುಕೊಂಡು ಹೋಗಿ” ಎಂದರು. ನೀನು ಏನು ಹೇಳಿರಬೇಕೆಂದು ಊಹಿಸಬಲ್ಲೆ. ನನಗೆ ಅದರ ಯೋಗ್ಯತೆ ಇರಲಿಲ್ಲ.

ಬೂದುಬಣ್ಣದವಳು ಮನೆಗೆ ಬಂದು ಐದು ದಿನವಾಯಿತು. ತಂತಿಯ ಬುಟ್ಟಿಯಲ್ಲಿ ನನ್ನ ತೊಡೆಯ ಮೇಲೆ ಕೂತು ಬಂದಳು, ಮುಖ ಕಿಟಕಿಯ ಕಡೆಗೆ. ಕ್ಯಾಂಪಿನಿಂದ ವಾಕಡದವರೆಗೆ ಇದು ಸೇತುವೆ, ಇದು ನದಿ, ಇದು ಔಂಧ ಎಂದು ಹೇಳುತ್ತಲೇ ಬಂದೆ. ಇವರು ಅವಳ ಹಣೆ ನೋಡಿ, “ಗೆರಿ ಅಡ್ಡ ಇಲ್ಲ, ಉದ್ದ ಅದಾವು. ವೈಷ್ಣವರ ಪೈಕಿ ಕಾಣ್ತದ” ಎಂದರು. ಎಷ್ಟೋ ದಿನದ ಮೇಲೆ ನಕ್ಕೆ. ಗ್ಯಾಲರಿಯಲ್ಲಿ ಬೇರೆ ತಟ್ಟೆ ಇಟ್ಟಿದ್ದೇವೆ, ಅದರಲ್ಲಿ ಏನಿರುತ್ತದೆಂದು ನಾನು ನೋಡುವುದಿಲ್ಲ. ಬೆಲ್ಲವ್ವನ ಹಾಸಿಗೆಯನ್ನು ಅವಳಿಗೆ ಕೊಟ್ಟಿಲ್ಲ, ಹೊಸದು ಹೊಲಿದೆ. ಹಳೆಯದು ಇದ್ದಲ್ಲೇ ಇದೆ.

ಈ ಲಕೋಟೆಗೆ ಅಂಟು ಹಚ್ಚಿಲ್ಲ. ಇವರೇ ತರುತ್ತಾರೆ, ಬೇಕಾದರೆ ಓದಿಕೊಳ್ಳಲಿ.

ಬರುವ ಭಾನುವಾರ ನಾವಿಬ್ಬರೂ ಕರಾಡಿಗೆ ಹೋಗುತ್ತೇವೆ. ನೀನು ಬರುತ್ತೀಯಾ? ನಿನ್ನ ಡಬ್ಬಿಯ ಸಪ್ಪಳ ಅವಳಿಗೆ ಗೊತ್ತು, ನನ್ನ ದನಿ ಗೊತ್ತು. ಬೊಂಬಿಲ ನೀನು ತಾ, ತಂತಿಯ ಬುಟ್ಟಿ ನಾನು ತರುತ್ತೇನೆ. ಸಿಕ್ಕಳೆಂದರೆ, ಮನೆಯ ದಾರಿಯೆಲ್ಲ ಅವಳಿಗೆ ಕಾಣಬೇಕು.

ನಿನ್ನ ಅಕ್ಕ,
ಶಿವಬಸವ್ವ